ಕರೆಂಟಿನ ಲೆಕ್ಕ ನಮ್ಮ ಕೈಯಲ್ಲಿ



ನಾವು ಅಕ್ಷರ ಕಲಿತೆವು. ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕವನ್ನೂ ಕಲಿತೆವು. ಕಲಿತದ್ದನ್ನು ಇವತ್ತು ನಮ್ಮ ಬಚ್ಚಲುಮನೆಗೆ ತೆಗೆದುಕೊಂಡು ಹೋಗೋಣ.

ಅರಸೀಕೆರೆ ಕಡೆ ತೆಂಗಿನ ಮಟ್ಟೆ ಉರಿಸಿ ಹಂಡೆ ನೀರು ಕಾಯಿಸುವುದು ನಮಗೆ ರೂಢಿ. ಈಗ ಬಹಳ ಮನೆಗೆ ಕರೆಂಟಿನ ಕಾಯಿಲ್ ಬಂದಿದೆ. ಬಕೆಟ್ಟಿಗೆ ಹಾಕಿದರೆ ನೀರು ಬೇಗ ಕಾಯುತ್ತೆ. ಹೊಗೆ ಇಲ್ಲ. ಆದರೆ ಕೆಲವು ಕಡೆ ಪ್ಲಗ್ಗು ಬಿಸಿಯಾಗುತ್ತೆ. ಸುಟ್ಟ ವಾಸನೆ ಬರುತ್ತೆ. ಗೋಡೆಯ ಪಾಯಿಂಟು ಕಪ್ಪಾಗುತ್ತೆ. ಇದು ಯಾಕೆ? ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ.

ಮೊದಲು ಕೆರೆ ನೆನೆಸಿಕೊಳ್ಳೋಣ. ನಮ್ಮದು ಕೆರೆಗಳ ಸೀಮೆ. ಅರಸಿಯ ಕೆರೆಯಿಂದಲೇ ಅರಸೀಕೆರೆಗೆ ಹೆಸರು. ಹಳೇಬೀಡಿನಲ್ಲಿ ಹೊಯ್ಸಳರ ಕಾಲದ ದೊಡ್ಡ ಕೆರೆ ಇದೆ. ಬೇಲೂರಿನ ಹತ್ತಿರ ಯಗಚಿ ಅಣೆಕಟ್ಟೆ ಇದೆ. ಕೆರೆ ತುಂಬಿದಾಗ ತೂಬಿನಲ್ಲಿ ನೀರು ರಭಸವಾಗಿ ಬರುತ್ತೆ, ಅಲ್ವಾ? ನೀರು ತಳ್ಳುವ ಆ ಒತ್ತಡದಂತೆ ಕರೆಂಟಿಗೂ ಒಂದು ಒತ್ತಡ ಇದೆ. ಅದನ್ನು ವೋಲ್ಟ್‌ನಲ್ಲಿ ಅಳೆಯುತ್ತಾರೆ. ತೂಬಿನಲ್ಲಿ ಹರಿಯುವ ನೀರಿನಂತೆ ತಂತಿಯಲ್ಲಿ ಕರೆಂಟು ಹರಿಯುತ್ತೆ. ಆ ಹರಿವನ್ನು ಆಂಪಿಯರ್‌ನಲ್ಲಿ ಅಳೆಯುತ್ತಾರೆ. ತೂಬು ಕಿರಿದಾದರೆ ನೀರಿಗೆ ತಡೆ ಹೆಚ್ಚು. ಕರೆಂಟಿಗೂ ಹಾಗೇ ತಡೆ ಇರುತ್ತೆ. ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಓಮ್ ಎಂಬುದು ಜರ್ಮನಿಯ ಒಬ್ಬ ಮೇಷ್ಟ್ರ ಹೆಸರು. ಅವರು 1827ರಲ್ಲಿ ಈ ಲೆಕ್ಕವನ್ನು ಪುಸ್ತಕದಲ್ಲಿ ಬರೆದರು.

ಇನ್ನೊಂದು ಮಾತು ವಾಟ್. ಒಂದು ಸಾಮಾನು ಎಷ್ಟು ಕರೆಂಟು ಶಕ್ತಿ ಎಳೆಯುತ್ತದೆ ಎಂಬುದನ್ನು ವಾಟ್ ಹೇಳುತ್ತದೆ. ಈಗ ಮೂರು ಸಾಲು ಬರೆದುಕೊಳ್ಳಿ.

ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವಾಟ್.
ವಾಟನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪಿಯರ್.
ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ತಡೆ, ಅಂದರೆ ಓಮ್.

ನಮ್ಮ ಮನೆಗೆ ಬರುವ ಕರೆಂಟು ಸುಮಾರು 230 ವೋಲ್ಟ್. ಕಾಯಿಲ್ ಮೇಲೆ 1500 ವಾಟ್ ಎಂದು ಬರೆದಿದೆ ಎಂದುಕೊಳ್ಳಿ. 1500ನ್ನು 230ರಿಂದ ಭಾಗಿಸಿ. ಸುಮಾರು ಆರೂವರೆ ಬಂತು. ಅಂದರೆ ಆರೂವರೆ ಆಂಪಿಯರ್. ಈಗ 230ನ್ನು ಆರೂವರೆಯಿಂದ ಭಾಗಿಸಿ. ಸುಮಾರು 35 ಓಮ್. ಇದು ಕಾಯಿಲಿನ ತಡೆ.

ಟಿವಿ ಹಾಕುವ ಸಣ್ಣ ಪಾಯಿಂಟು ನೋಡಿ. ಅದು ತಡೆಯುವುದು 6 ಆಂಪಿಯರ್ ಮಾತ್ರ. ಹಳೆಯವು 5 ಆಂಪಿಯರ್. ಕಾಯಿಲಿನ ದೊಡ್ಡ ಪ್ಲಗ್ಗಿಗೆ ಕನ್ವರ್ಟರ್ ಸಿಕ್ಕಿಸಿ ಸಣ್ಣ ಪಾಯಿಂಟಿಗೆ ಹಾಕುತ್ತೇವೆ. ಪಕ್ಕದಲ್ಲೇ 750 ವಾಟಿನ ಇಸ್ತ್ರಿ ಪೆಟ್ಟಿಗೆಯನ್ನೂ ಹಾಕಿದರೆ ಇನ್ನೂ ಮೂರು ಆಂಪಿಯರ್ ಮೇಲಾಯಿತು. ಆರು ಹೊರುವ ಕಡೆ ಹತ್ತರ ಹತ್ತಿರ ಹೊರೆ! ಪ್ಲಗ್ಗು ಸುಡದೆ ಇನ್ನೇನಾಗುತ್ತೆ? ಬೆಂಕಿಯೂ ಹತ್ತಬಹುದು. ಕಾಯಿಲಿಗೆ 16 ಆಂಪಿಯರಿನ ದೊಡ್ಡ ಪಾಯಿಂಟೇ ಬೇಕು. ಅದಕ್ಕೆ ತಕ್ಕ ದಪ್ಪ ವೈರೂ ಬೇಕು. ಅದನ್ನು ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಬೇಕು. ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿ ಅರ್ಥಿಂಗ್‌ಗೆ. ಅದು ನಮ್ಮ ಪ್ರಾಣ ಕಾಯುತ್ತದೆ. ಅದನ್ನು ಮುರಿದು ಹಾಕಬಾರದು.

ನಮ್ಮ ಮೈಗೂ ತಡೆ ಇದೆ. ಒಣಗಿದ ಚರ್ಮಕ್ಕೆ ತಡೆ ಹೆಚ್ಚು. ಒದ್ದೆಯಾದರೆ ಬಹಳ ಕಡಿಮೆ, ಸುಮಾರು 1000 ಓಮ್‌ಗೆ ಇಳಿಯಬಹುದು. 230ನ್ನು 1000ದಿಂದ ಭಾಗಿಸಿ. 0.23 ಆಂಪಿಯರ್ ಬಂತು. ಸಣ್ಣ ಅಂಕಿ ಅನ್ನಿಸುತ್ತೆ. ಆದರೆ ಅದರಲ್ಲಿ ಕಾಲು ಭಾಗವೂ ಇಲ್ಲದ ಕರೆಂಟು ಮೈಯಲ್ಲಿ ಹರಿದರೂ ಜೀವಕ್ಕೆ ಅಪಾಯ. ಅದಕ್ಕೇ ನೀರು ಕಾದಿದೆಯಾ ಎಂದು ಬೆರಳು ಅದ್ದಿ ನೋಡಬೇಡಿ. ಮೊದಲು ಸ್ವಿಚ್ ಆರಿಸಿ. ಒಣಗಿದ ಕೈಯಲ್ಲಿ ಪ್ಲಗ್ಗು ಕೀಳಿ. ಕಾಯಿಲ್ ಹೊರಗೆ ತೆಗೆಯಿರಿ. ಆಮೇಲೆ ನೀರು ಮುಟ್ಟಿ. ಮಕ್ಕಳಿಗೂ ಇದನ್ನೇ ಕಲಿಸಿ.

ಇನ್ನು ಬಿಲ್ಲಿನ ಮಾತು. 1000 ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ನಮ್ಮ ಕಾಯಿಲ್ ಒಂದು ಗಂಟೆಗೆ ಒಂದೂವರೆ ಯೂನಿಟ್ ತಿನ್ನುತ್ತದೆ. ದಿನಾ ಒಂದು ಗಂಟೆ ಹಾಕಿದರೆ 30 ದಿನಕ್ಕೆ 45 ಯೂನಿಟ್. 9 ವಾಟಿನ ಎಲ್ಇಡಿ ಬಲ್ಬು ದಿನಾ 5 ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ಆಗದು. ಬಿಲ್ಲು ಏರಿಸುವುದು ಯಾವುದು, ಗೊತ್ತಾಯ್ತಾ?

2023ರಲ್ಲಿ ಗೃಹಜ್ಯೋತಿ ಯೋಜನೆ ಶುರುವಾಯಿತು. ಅದರ ಮಿತಿ ತಿಂಗಳಿಗೆ 200 ಯೂನಿಟ್. ಅದರೊಳಗೂ ಒಂದೊಂದು ಮನೆಗೆ ಹಿಂದಿನ ಬಳಕೆ ನೋಡಿ ಒಂದೊಂದು ಮಿತಿ ಇಟ್ಟರು. 200 ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಮೀಟರು ಓದಲು ಬಂದರೆ ತಿಂಗಳ ನಡುವೆಯೇ ನಾವು ಎಚ್ಚರ ಆಗಬಹುದು. ಇವತ್ತಿನ ಅಂಕಿಯಿಂದ ತಿಂಗಳ ಮೊದಲ ಅಂಕಿ ಕಳೆಯಿರಿ. ಅಷ್ಟೇ ಲೆಕ್ಕ.

ಅಕ್ಕಂದಿರೇ, ಕರೆಂಟಿನ ವಿಷಯ ಗಂಡಸರಿಗೆ ಬಿಡಿ ಎನ್ನುವುದು ಹಳೇ ಮಾತು. ಒದ್ದೆ ಕೈಯಲ್ಲಿ ಬಚ್ಚಲಲ್ಲಿ ನಿಲ್ಲುವವರು ನಾವು. ಲೆಕ್ಕವೂ ನಮಗೇ ಬರಬೇಕು.

ಅಭ್ಯಾಸ: ನಿಮ್ಮ ಮನೆಯ ಕಾಯಿಲ್, ಇಸ್ತ್ರಿ ಪೆಟ್ಟಿಗೆ, ಬಲ್ಬು ನೋಡಿ. ಎಷ್ಟು ವಾಟ್ ಎಂದು ಓದಿ ಬರೆಯಿರಿ. 230ರಿಂದ ಭಾಗಿಸಿ. ಯಾವುದಕ್ಕೆ ಸಣ್ಣ ಪಾಯಿಂಟು, ಯಾವುದಕ್ಕೆ ದೊಡ್ಡದು? ನಾಳೆ ಕಲಿಕಾ ಕೇಂದ್ರದಲ್ಲಿ ಎಲ್ಲರೂ ಕೂತು ಮಾತಾಡೋಣ.