ತಾಳ ತಪ್ಪಿದ ಹೃದಯ, ಸಮೀಪದ ಆಸ್ಪತ್ರೆ

ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ನೋಡುವುದು ನಮ್ಮ ವೈದ್ಯರ ಬಹು ಹಳೆಯ ಪದ್ಧತಿ. ಮಿಡಿತ ವೇಗವಾಗಿದೆಯೇ, ನಿಧಾನವಾಗಿದೆಯೇ ಎಂಬುದರಷ್ಟೇ ಮುಖ್ಯವಾದುದು, ಅದು ಒಂದೇ ಸಮನಾಗಿದೆಯೇ ಎಂಬ ಪ್ರಶ್ನೆ. ಎರಡು ಮಿಡಿತ ಒತ್ತೊತ್ತಾಗಿ, ಮುಂದಿನದು ತಡವಾಗಿ, ಅದರ ನಂತರದ್ದು ಕ್ಷೀಣವಾಗಿ, ಹೀಗೆ ಯಾವ ಲೆಕ್ಕಕ್ಕೂ ಸಿಗದ ನಾಡಿಯು ಹಲವು ವೇಳೆ ಏಟ್ರಿಯಲ್ ಫಿಬ್ರಿಲೇಷನ್ ಎಂಬ ವ್ಯಾಧಿಯ ಸೂಚನೆ.

ಸ್ವಸ್ಥ ಹೃದಯದಲ್ಲಿ ಬಲ ಹೃತ್ಕರ್ಣದ ಸಣ್ಣದೊಂದು ಗಂಟಿನಿಂದ ಹೊರಟ ವಿದ್ಯುತ್ ಪ್ರೇರಣೆಯು ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ಹೃದಯವನ್ನು ಮಿಡಿಸುತ್ತದೆ. ಈ ವ್ಯಾಧಿಯಲ್ಲಾದರೋ ಹೃತ್ಕರ್ಣಗಳು ನಿಮಿಷಕ್ಕೆ 350ಕ್ಕೂ ಹೆಚ್ಚು ಬಾರಿ ಅದುರುತ್ತವೆ. ಅದುರುವುವೇ ಹೊರತು ಸರಿಯಾಗಿ ಸಂಕೋಚಿಸುವುದಿಲ್ಲ. ಅಲ್ಲಿ ತಂಗಿದ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹರಿದರೆ ಪಾರ್ಶ್ವವಾಯು. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರಲ್ಲಿ ಇದು ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದುಂಟು.

1962ರಲ್ಲಿ ಅಮೆರಿಕದ ಬಾಸ್ಟನ್ನಿನ ಡಾ. ಬರ್ನಾರ್ಡ್ ಲೌನ್ ಮತ್ತು ಅವರ ಸಂಗಡಿಗರು ಏಕಮುಖ ವಿದ್ಯುತ್ತಿನ ಆಘಾತದಿಂದ ತಾಳವನ್ನು ಸರಿಪಡಿಸುವ ವಿಧಾನವನ್ನು ಪ್ರಕಟಿಸಿದರು. ಕ್ಷಣಮಾತ್ರದ ಆಘಾತವು ಹೃದಯದ ಗೊಂದಲವನ್ನೆಲ್ಲ ಒಮ್ಮೆಗೇ ಅಡಗಿಸುತ್ತದೆ. ಆ ಮೌನದಲ್ಲಿ ಮೂಲದ ಗಂಟು ಮತ್ತೆ ಯಜಮಾನಿಕೆ ವಹಿಸುತ್ತದೆ. ಆದರೆ ಹೃತ್ಕುಕ್ಷಿಗಳು ಚೇತರಿಸಿಕೊಳ್ಳುತ್ತಿರುವ ಸೂಕ್ಷ್ಮ ಘಳಿಗೆಯಲ್ಲಿ ಆಘಾತ ಬಿದ್ದರೆ ಅವೇ ಅದುರತೊಡಗಿ ಪ್ರಾಣಕ್ಕೆ ಸಂಚಕಾರ ಬಂದೀತು. ಆದುದರಿಂದಲೇ ಯಂತ್ರವು ಇ.ಸಿ.ಜಿ.ಯನ್ನು ಗಮನಿಸಿ ಮಿಡಿತದೊಡನೆ ಹೊಂದಿಕೊಂಡೇ ಆಘಾತ ನೀಡಬೇಕು. ಇದಕ್ಕೆ ಯಂತ್ರದಲ್ಲಿ ‘ಸಿಂಕ್’ ಎಂಬ ಗುಂಡಿಯಿದೆ. ಹಲವು ಯಂತ್ರಗಳಲ್ಲಿ ಪ್ರತಿ ಆಘಾತದ ಬಳಿಕ ಅದನ್ನು ಮತ್ತೆ ಒತ್ತಬೇಕು. ಯಂತ್ರವನ್ನು ಕೊಂಡರಷ್ಟೇ ಸಾಲದು, ಕೈಯನ್ನೂ ಪಳಗಿಸಬೇಕು ಎಂಬುದಕ್ಕೆ ಈ ಒಂದು ಗುಂಡಿಯೇ ಸಾಕ್ಷಿ.

ಹಾಗಾದರೆ ಈ ಚಿಕಿತ್ಸೆ ಮಹಾನಗರದ ಹೃದ್ರೋಗ ಸಂಸ್ಥೆಗಳಿಗೇ ಮೀಸಲೇ? ಹಾಗೇನೂ ಇಲ್ಲ. ಇ.ಸಿ.ಜಿ., ಆಮ್ಲಜನಕ, ರೋಗಿಗೆ ನೋವು ತಿಳಿಯದಂತೆ ಮಂಪರು ಬರಿಸುವ ಔಷಧ, ಉಸಿರಾಟವನ್ನು ಕಾಯಬಲ್ಲ ವೈದ್ಯ, ತರಬೇತಿ ಪಡೆದ ದಾದಿ, ಇವಿಷ್ಟಿರುವ ಸಾಮಾನ್ಯ ಆಸ್ಪತ್ರೆಯಲ್ಲೂ ಇದು ಸಾಧ್ಯ. ರಕ್ತದೊತ್ತಡ ಕುಸಿದು ಜೀವವೇ ತೂಗಾಡುತ್ತಿರುವಾಗ ದೂರದ ನಗರಕ್ಕಿಂತ ಸಮೀಪದ ಆಸ್ಪತ್ರೆಯೇ ದೊಡ್ಡದು.

ಪ್ರಾಣಾಪಾಯವಿಲ್ಲದಿದ್ದರೆ ಆತುರ ಬೇಡ. ನೆದರ್ಲೆಂಡ್ಸಿನ 15 ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಧಿ ಹೊಸದಾಗಿ ತೋರಿದ್ದು, ಔಷಧದಿಂದ ವೇಗ ತಗ್ಗಿಸಿ ಕಾದು ನೋಡಿದವರ ಪೈಕಿ ಶೇಕಡ 69 ಮಂದಿಯ ತಾಳ 48 ಗಂಟೆಗಳೊಳಗೆ ತಾನಾಗಿಯೇ ಸರಿಹೋಯಿತು.

ಇಲ್ಲಿ ಕಾಲದ ಲೆಕ್ಕ ಬಹುಮುಖ್ಯ. ವ್ಯಾಧಿ ತೊಡಗಿ ಬಹಳ ಹೊತ್ತಾಗಿದ್ದರೆ ಒಳಗೆ ಹೆಪ್ಪು ಕೂಡಿರಬಹುದು. ತಾಳ ಸರಿಹೋದಾಗಲೇ ಅದು ಕಳಚಿ ಹೊರಟೀತು. ಈ ಗಡುವು ಬಹುಕಾಲ 48 ಗಂಟೆಗಳೆಂದಿತ್ತು. 2024ರ ಯುರೋಪಿನ ಮಾರ್ಗಸೂಚಿ ಅದನ್ನು 24ಕ್ಕೆ ಇಳಿಸಿತು. ಗಡುವು ಮೀರಿದ್ದರೆ ಕನಿಷ್ಠ ಮೂರು ವಾರ ಹೆಪ್ಪುರೋಧಕ ಔಷಧ ನೀಡಬೇಕು, ಇಲ್ಲವೇ ಅನ್ನನಾಳದ ಮೂಲಕ ಹೃದಯವನ್ನು ಪರೀಕ್ಷಿಸಿ ಹೆಪ್ಪಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಘಾತದ ನಂತರವೂ ನಾಲ್ಕು ವಾರ ಆ ಔಷಧ ಸಾಮಾನ್ಯವಾಗಿ ಬೇಕು, ಹಲವರಿಗೆ ಜೀವನಪರ್ಯಂತ. ವ್ಯಾಧಿಯು ಮರುಕಳಿಸುವ ಸ್ವಭಾವದ್ದು.

ಆದಕಾರಣ ಎದೆ ಡವಗುಟ್ಟತೊಡಗಿದ ಹೊತ್ತನ್ನು ಮರೆಯದೆ ನೆನಪಿಟ್ಟುಕೊಂಡು ವೈದ್ಯರಿಗೆ ತಿಳಿಸಬೇಕೆಂದು ಕೇಳುಗರಲ್ಲಿ ನನ್ನ ವಿನಂತಿ. ಆ ಸಂಗತಿಯನ್ನು ಹಲವು ವೇಳೆ ರೋಗಿಯೊಬ್ಬನೇ ಹೇಳಬಲ್ಲ.