ಒಂದೇ ನೊಣವಲ್ಲ

ಇವತ್ತಿನ ಮಾತು ಆಫ್ರಿಕಾದ ಒಂದು ಕಪ್ಪುನೊಣದ್ದು. ಸಿಮ್ಯುಲಿಯಂ ಡ್ಯಾಮ್ನೋಸಮ್ ಅಂತ ಹೆಸರು. ಗೂನುಬೆನ್ನಿನ ಪುಟ್ಟ ಪ್ರಾಣಿ. ಮರಿಹುಳುಗಳು ಹೊಳೆಯ ಸೆಳವಿನಲ್ಲಿ ಕಲ್ಲಿಗೋ ಹುಲ್ಲಿಗೋ ಕಚ್ಚಿಕೊಂಡು ಬೆಳೆಯುತ್ತವೆ. ಹೆಣ್ಣುನೊಣ ಮನುಷ್ಯರ ರಕ್ತ ಹೀರುವಾಗ ಒಂದು ಜಂತುವನ್ನು ದಾಟಿಸುತ್ತದೆ. ಆ ಜಂತು ಮೈಯೊಳಗೆ ಹಾಕುವ ಸೂಕ್ಷ್ಮ ಮರಿಗಳು ಕಣ್ಣು ಹೊಕ್ಕರೆ ದೃಷ್ಟಿಯೇ ಹೋದೀತು. ವೋಲ್ಟಾ ನದಿಯ ಬಯಲಿನಲ್ಲಿ ಫಲವತ್ತಾದ ಹೊಳೆದಂಡೆಯನ್ನೇ ಬಿಟ್ಟು ಜನ ಗುಳೆ ಹೋದದ್ದುಂಟು.

ವಿಚಿತ್ರವೆಂದರೆ, ಹುಲ್ಲುಬಯಲಿನ ಊರುಗಳಲ್ಲಿ ಕುರುಡು ಹೆಚ್ಚು; ಮಳೆಕಾಡಿನ ಊರುಗಳಲ್ಲಿ ಜಂತು ಧಾರಾಳವಾಗಿದ್ದರೂ ಕುರುಡು ಕಡಿಮೆ. 1966ರಲ್ಲಿ ಪ್ರಕಟವಾದ ಕ್ಯಾಮರೂನಿನ ಪ್ರಯೋಗಗಳಲ್ಲಿ ಬಯಲಿನ ಜಂತು ಕಾಡಿನ ನೊಣದೊಳಗೆ ಸರಿಯಾಗಿ ಬೆಳೆಯಲೇ ಇಲ್ಲ. ಜಂತುವಿನಲ್ಲೂ ಭೇದ, ನೊಣದಲ್ಲೂ ಭೇದ. ಆದರೆ ನೊಣಗಳನ್ನು ಪಕ್ಕಪಕ್ಕ ಇಟ್ಟರೆ ನುರಿತವರಿಗೂ ಗೊಂದಲ!

ಅದೇ ವರ್ಷ ಡನ್‌ಬಾರ್ ಎಂಬ ವಿಜ್ಞಾನಿ ಉಗಾಂಡದ ಮರಿಹುಳುಗಳ ವರ್ಣತಂತು ನೋಡಿ, ಇದು ಒಂದಲ್ಲ, ನಾಲ್ಕು ಪ್ರಭೇದ ಎಂದರು. ನಮ್ಮಲ್ಲಿ ಪ್ರಾಣಿಶಾಸ್ತ್ರ ಓದಿದವರು ಹಣ್ಣುನೊಣದ ಮರಿಯ ಲಾಲಾಗ್ರಂಥಿಯನ್ನು ಗಾಜಿನ ಮೇಲೆ ಒತ್ತಿ ನೋಡಿರುತ್ತೀರಿ; ಅಂಕ ಬಂದ ಮೇಲೆ ಮರೆತೂ ಇರುತ್ತೀರಿ. ಇಲ್ಲಿಯೂ ಅದೇ ಕೆಲಸ. ಕಪ್ಪುನೊಣದ ಮರಿಯ ಆ ಗ್ರಂಥಿಯಲ್ಲಿ ಮೂರು ಜೊತೆ ದೈತ್ಯ ವರ್ಣತಂತುಗಳು, ಅವುಗಳ ಉದ್ದಕ್ಕೂ ಅಡ್ಡಪಟ್ಟೆಗಳು. ರೈಲಿನ ನಡುವಿನ ನಾಲ್ಕು ಬೋಗಿ ಕಳಚಿ, ಹಿಂದುಮುಂದಾಗಿ ತಿರುಗಿಸಿ ಜೋಡಿಸಿದ ಹಾಗೆ ಕೆಲವೆಡೆ ಪಟ್ಟೆಗಳ ಒಂದು ತುಂಡೇ ಮಗುಚಿರುತ್ತದೆ.

ಮಗುಚಿದ್ದ ಮಾತ್ರಕ್ಕೆ ಪ್ರಭೇದ ಬೇರೆಯಾಗುವುದಿಲ್ಲ, ಇದನ್ನು ಒತ್ತಿ ಹೇಳಬೇಕು. ತಾಯಿಯಿಂದ ಒಂದು ಕ್ರಮ, ತಂದೆಯಿಂದ ಇನ್ನೊಂದು ಬಂದರೆ, ಜೋಡಿಯಾಗುವಾಗ ಆ ಜಾಗದಲ್ಲಿ ಒಂದು ಕುಣಿಕೆ ಬೀಳುತ್ತದೆ. ಒಂದೇ ಹೊಳೆಯಲ್ಲಿ ಎರಡೂ ಕ್ರಮದ ಮರಿಗಳು ಬೇಕಾದಷ್ಟಿದ್ದು, ಕುಣಿಕೆಯಿರುವ ಮರಿ ಮಾತ್ರ ಸಿಗುತ್ತಿಲ್ಲವೆಂದರೆ? ಒಂದೇ ನೀರಿನಲ್ಲಿ ಹುಟ್ಟಿಯೂ ಅವು ಪರಸ್ಪರ ಕೂಡುತ್ತಿಲ್ಲ. ಇಲ್ಲದ್ದೇ ಇಲ್ಲಿ ಸಾಕ್ಷಿ. ನನಗಂತೂ ಇಡೀ ವಿದ್ಯೆಯಲ್ಲಿ ಅತ್ಯಂತ ಸೊಗಸಾದ ತರ್ಕ ಇದು. 1975ರಲ್ಲಿ ವಾಜಿಮೆ ಮತ್ತು ಡನ್‌ಬಾರ್ ಪಶ್ಚಿಮ ಆಫ್ರಿಕಾದಲ್ಲಿ ಎಂಟು ಪ್ರಭೇದಗಳನ್ನು ಗುರುತಿಸಿದರು. ಆಫ್ರಿಕಾದ ಉದ್ದಗಲಕ್ಕೂ ಈಗ ಗುರುತಿಸಿರುವ ಬಗೆಗಳು ಐವತ್ತನ್ನು ಮೀರುತ್ತವೆ. ಅವೆಲ್ಲ ನಿಜವಾಗಿ ಪ್ರಭೇದಗಳೇ ಎಂಬ ಜಗಳ ಮುಗಿದಿಲ್ಲ.

ಇದು ಬರೀ ಪಂಡಿತರ ಲೆಕ್ಕಾಚಾರವಲ್ಲ. 1974ರಲ್ಲಿ ಶುರುವಾದ, ಈ ನೊಣದ ನಿಯಂತ್ರಣ ಯೋಜನೆ ಹೆಲಿಕಾಪ್ಟರಿನಿಂದ ನದಿಗಳಿಗೆ ಟೆಮೆಫಾಸ್ ಎಂಬ ಔಷಧಿ ಸುರಿಯಿತು. ನೊಣ ತಗ್ಗಿತು. ಆದರೆ ಶುಚಿಯಾದ ಹೊಳೆಗಳಿಗೂ ಮಳೆಗಾಲದ ಗಾಳಿಯ ಜೊತೆ ನೂರಾರು ಕಿಲೋಮೀಟರ್ ದೂರದಿಂದ ನೊಣಗಳು ಬರತೊಡಗಿದವು. ಬಂದದ್ದು ಬಯಲಿನದೋ ಕಾಡಿನದೋ? ಬಯಲಿನದಾದರೆ ಅಪಾಯ ಹೆಚ್ಚು. 1980ರ ಹೊತ್ತಿಗೆ ಐವರಿ ಕೋಸ್ಟಿನಲ್ಲಿ ಟೆಮೆಫಾಸಿಗೆ ಬಗ್ಗದ ನೊಣಗಳು ಕಂಡವು. ಮೊದಲು ಬಗ್ಗದೆ ನಿಂತವು ಕಾಡಿನ ಪ್ರಭೇದಗಳೇ. ಆಮೇಲೆ ಔಷಧಿಗಳನ್ನು ಸರದಿಯಂತೆ ಬದಲಿಸಬೇಕಾಯಿತು.

ಆದರೆ ಕಚ್ಚುವುದು ರೆಕ್ಕೆ ಬಂದ ನೊಣ, ಪಟ್ಟೆ ಓದಲು ಒದಗುವುದು ಕಚ್ಚದ ಮರಿಹುಳು. ಹಾಗಾಗಿ ಹೊಳೆದಂಡೆಯಲ್ಲಿ ಕಾಲು ಚಾಚಿ ಕೂತು, ಬಂದು ಕೂತ ನೊಣಗಳನ್ನು ಶೀಶೆಯಲ್ಲಿ ಹಿಡಿದುಕೊಡುತ್ತಿದ್ದವರ ಶ್ರಮಕ್ಕೆ ವರ್ಣತಂತುವಿನ ಉತ್ತರ ನೇರವಾಗಿ ಸಿಗುತ್ತಿರಲಿಲ್ಲ. ಆ ನೊಣಗಳನ್ನು ರೆಕ್ಕೆಯ ಬುಡದ ಕೂದಲು ಬಿಳಿಚೋ ಕಪ್ಪೋ, ಮೀಸೆಯ ಬಣ್ಣ ಯಾವುದು ಎಂದು ನೋಡಿ ಅಂದಾಜಿನ ಮೇಲೆ ವಿಂಗಡಿಸುತ್ತಿದ್ದರು.