ಗೆದ್ದಲಿನ ಜಾತಿಯನ್ನು ಅಳೆದು ಗುರುತಿಸುವುದು
(ಅರಳಗುಪ್ಪೆಯ ತೆಂಗು ಬೆಳೆಗಾರರಿಗಾಗಿ ಮಾಡಿದ ಭಾಷಣ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಳೆಯ ತೆಂಗಿನ ಸಸಿ ಬಾಡಿತೆಂದರೆ ಬುಡ ಕೆದಕಿ ನೋಡುತ್ತೇವೆ. ಗೆದ್ದಲು ಕಂಡರೆ ಬದುವಿನ ಮೇಲಿನ ಹುತ್ತವನ್ನು ಅಗೆದು ಔಷಧಿ ಸುರಿಯುತ್ತೇವೆ. ಆದರೆ ಸಸಿಯನ್ನು ತಿಂದದ್ದು ಆ ಹುತ್ತದ ಗೆದ್ದಲೇ ಹೌದೇ?

ಒಡಾಂಟೋಟರ್ಮಿಸ್ ಒಬೆಸಸ್ ಎಂಬ ಜಾತಿ ಬಾಯಿಲ್ಲದ, ಗೋಪುರದಂಥ ಹುತ್ತ ಕಟ್ಟುತ್ತದೆ. ಒಡಾಂಟೋಟರ್ಮಿಸ್ ವಾಲೊನೆನ್ಸಿಸ್ ಜಾತಿಯ ಹುತ್ತಕ್ಕೆ ತೆರೆದ ಕೊಳವೆಬಾಯಿಗಳಿರುತ್ತವೆ. ಮೈಕ್ರೋಟರ್ಮಿಸ್ ಒಬೆಸಿ ಹುತ್ತವನ್ನೇ ಕಟ್ಟದೆ ನೆಲದೊಳಗೆ ವಾಸಿಸುತ್ತದೆ. ಸಸಿ ತಿಂದದ್ದು ಇದಾದರೆ ಹುತ್ತ ಅಗೆದ ಕೂಲಿ, ಔಷಧಿಯ ಹಣ ಎರಡೂ ವ್ಯರ್ಥ.

ಕೆಲಸಗಾರ ಗೆದ್ದಲುಗಳು ನೋಡಲು ಬಹುತೇಕ ಒಂದೇ ತೆರ. ಗುರುತು ಸಿಗುವುದು ಸೈನಿಕ ಗೆದ್ದಲಿನ ತಲೆಯಲ್ಲಿ. ಮೈಯುದ್ದ ಅಳೆದರೆ ಪ್ರಯೋಜನ ಕಡಿಮೆ. ಹೊಟ್ಟೆ ಉಬ್ಬುತ್ತದೆ, ಕುಗ್ಗುತ್ತದೆ. ತಲೆ, ದವಡೆ ಮಾತ್ರ ಗಟ್ಟಿ. ಮೈಕ್ರೋಟರ್ಮಿಸ್ ಸೈನಿಕ ಬಹು ಚಿಕ್ಕದು, ದವಡೆ ತೆಳು. ಒಡಾಂಟೋಟರ್ಮಿಸ್ ಸೈನಿಕನ ಎಡದವಡೆಯಲ್ಲಿ ಎದ್ದು ಕಾಣುವ ಹಲ್ಲೊಂದಿರುತ್ತದೆ.

ಒಬೆಸಸ್ ಮತ್ತು ರೆಡೆಮನ್ನಿಯಂಥ ಒಂದನ್ನೊಂದು ಹೋಲುವ ಜಾತಿಗಳಿಗೆ ಸೂಕ್ಷ್ಮದರ್ಶಕವೇ ಬೇಕು. ತಲೆಯ ಅಗಲ, ತಲೆಯ ಉದ್ದ, ಎಡದವಡೆಯ ಉದ್ದ, ದವಡೆಯ ತುದಿಯಿಂದ ಹಲ್ಲಿಗಿರುವ ದೂರ, ಈ ನಾಲ್ಕು ಮುಖ್ಯ. ಒಂದೇ ಗೂಡಿನಲ್ಲೂ ದೊಡ್ಡದು ಚಿಕ್ಕದು ಇರುವುದರಿಂದ ಒಂದೇ ಹುಳುವನ್ನು ನಂಬಬಾರದು. ಹತ್ತಾರನ್ನು ಅಳೆದು ಸರಾಸರಿ ತೆಗೆದು, ಅಳತೆಗಳ ಅನುಪಾತ ನೋಡಬೇಕು. ಉದಾಹರಣೆಗೆ, ದವಡೆ 0.9 ಮಿ.ಮೀ., ಹಲ್ಲಿನ ದೂರ 0.3 ಮಿ.ಮೀ. ಇದ್ದರೆ ಅನುಪಾತ 0.33. ಗಾತ್ರ ಏರುಪೇರಾದರೂ ಅನುಪಾತ ಅಷ್ಟಾಗಿ ಬದಲಾಗದು.

ಅಳೆಯುವುದು ಪ್ರಯೋಗಾಲಯದ ಕೆಲಸ. ಸರಿಯಾದ ಮಾದರಿ ಒದಗಿಸುವುದು ನಿಮ್ಮ ಕೆಲಸ. ಸಸಿಯ ಬುಡದಿಂದ ಒಂದು ಸೀಸೆ, ಹುತ್ತದಿಂದ ಇನ್ನೊಂದು ಸೀಸೆ, ಬೇರೆ ಬೇರೆಯಾಗಿ ತುಂಬಿರಿ. ಪ್ರತಿಯೊಂದರಲ್ಲೂ ಸಾಧ್ಯವಾದರೆ ಇಪ್ಪತ್ತು ಸೈನಿಕರು, ಕೆಲವು ಕೆಲಸಗಾರರು ಇರಲಿ. ಒದ್ದೆ ಕುಂಚದಿಂದ ಎತ್ತಿದರೆ ತಲೆ ಮುರಿಯದು. ಶೇಕಡ 70ರಿಂದ 80ರ ಮದ್ಯಸಾರದಲ್ಲಿಡಿ. ಊರು, ದಿನಾಂಕ, ಸಿಕ್ಕ ಜಾಗವನ್ನು ಸೀಸದಕಡ್ಡಿಯಿಂದ ಚೀಟಿಯಲ್ಲಿ ಬರೆದು ಸೀಸೆಯೊಳಗೇ ಹಾಕಿ. ಶಾಯಿ ಕರಗಿ ಹೋಗುತ್ತದೆ. ಮುಂದಿನ ಸಲಹೆಗೆ ತಿಪಟೂರು ಬಳಿಯ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.

ಎರಡು ಸೀಸೆಗಳಲ್ಲೂ ಒಂದೇ ಜಾತಿಯಿದ್ದರೆ ಹುತ್ತದ ಮೇಲಿನ ಸಂಶಯಕ್ಕೆ ಆಧಾರವಿದೆ. ಅಗೆದು ರಾಣಿಯನ್ನು ತೆಗೆಯಿರಿ. ಬೇರೆಯಾಗಿದ್ದರೆ ಹುತ್ತವನ್ನು ಬಿಟ್ಟು ಸಸಿಯ ಗುಂಡಿಗೇ ಉಪಚಾರ ಮಾಡಿ. ಹಿಂದೆ ಗೆದ್ದಲಿಗೆಂದು ಧಾರಾಳವಾಗಿ ಎರಚುತ್ತಿದ್ದ ಆಲ್ಡ್ರಿನ್ 1996ರಲ್ಲಿ ನಿಷೇಧವಾಯಿತು. ಅಂಥ ವಿಷ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಯಾವ ಔಷಧಿಯನ್ನೇ ಆಗಲಿ, ಹುಳು ಯಾವುದೆಂದು ತಿಳಿದ ಮೇಲೆ ಬಳಸಿರಿ.